ನಮಗೆ ಯಾರೂ ಪುಕ್ಕಟೆ ಕೊಡುತ್ತಿಲ್ಲ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ. ಉದ್ದ ಆಗುತ್ತದೆ. ಗೇಮ್ ಆಡದವರೂ ಓದಿ, ಮುಂದೆ ಕಾಫಿ ವಿಷಯವೂ ಬರುತ್ತದೆ.

ನಮ್ಮ ಪಕ್ಕದ ಮನೆಯ ಹುಡುಗ ಗೋಣಿಕೊಪ್ಪದಲ್ಲಿ ಡಿಗ್ರಿ ಓದುತ್ತಿದ್ದಾನೆ. ರೋಬಸ್ಟಾ ಕೊಯ್ಲಿನ ಸಮಯದಲ್ಲಿ ಭಾನುವಾರ ಬಂದರೆ ನಮ್ಮ ತೋಟದಲ್ಲೇ ಕಾಫಿ ಕುಯ್ಯುತ್ತಿದ್ದ. ಕೆಜಿ ಲೆಕ್ಕ. ಆ ದುಡ್ಡನ್ನು ಒಂದು ಗೇಮಿಗೆ ಅಂತ ಕೂಡಿಟ್ಟಿದ್ದ. ಆಟದ ಹೆಸರು, ಕಂಪನಿಯ ಹೆಸರು ಇಲ್ಲಿ ಬೇಡ. ಸಾವಿರ ರೂಪಾಯಿಯೊಳಗೆ ಇದ್ದದ್ದು ರಾತ್ರೋರಾತ್ರಿ ಎರಡು ಸಾವಿರದ ಹತ್ತಿರ ಹೋಗಿದೆ. ಅಮೆರಿಕದಲ್ಲಿ ಅದರ ಬೆಲೆ ಒಂದು ಸೆಂಟೂ ಏರಿಲ್ಲ. ಹುಡುಗ ಮೊಬೈಲ್ ಹಿಡಿದುಕೊಂಡು ಬಂದು "ಅಣ್ಣ, ಇದು ಹೀಗ್ಯಾಕೆ?" ಅಂತ ಕೇಳಿದ. ನನಗೆ ಬೇಜಾರಾಯಿತು. ಅದನ್ನೇ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ.

ಅದಕ್ಕೆ ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಪ್ಪನ ಮಗನ ಉತ್ತರ ಬಂತು. "ಅಣ್ಣ, ಇಷ್ಟು ದಿನ ನಿಮಗೆಲ್ಲ ಪುಕ್ಕಟೆ ಸಿಗ್ತಿತ್ತು. ನಾವಿಲ್ಲಿ ಪೂರ್ತಿ ದುಡ್ಡು ಕೊಟ್ಟು ನಿಮ್ಮ ಡಿಸ್ಕೌಂಟ್ ತುಂಬಿಸ್ತಾ ಇದ್ದೀವಿ. ಎಲ್ಲರಿಗೂ ಒಂದೇ ರೇಟ್ ಇರೋದೇ ನ್ಯಾಯ." ಕೆಳಗೆ ಅತ್ತೆ, ಮಾವ ಎಲ್ಲರೂ ಹೆಬ್ಬೆಟ್ಟು ಎತ್ತಿದ್ದಾರೆ.

ಪುಕ್ಕಟೆ ಎನ್ನುವ ಆ ಮಾತು ನನಗೆ ಚುಚ್ಚಿತು. ಲೆಕ್ಕ ಹಾಕೋಣ ಬನ್ನಿ.

ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟ ನಿಮ್ಮಲ್ಲಿ ಕೆಲವರಿಗೆ ಗೊತ್ತು, ನಾನು ಅದರ ಬಗ್ಗೆ ಮಾತಾಡಿ ಮಾತಾಡಿ ನಿಮ್ಮ ತಲೆ ತಿಂದಿದ್ದೇನೆ. ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ವರ್ಷಗಟ್ಟಲೆ ಕೂತು ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಬೇಸಾಯದ ಆಟ. ಅಮೆರಿಕದಲ್ಲಿ 14.99 ಡಾಲರ್. ಡಾಲರಿನ ಇವತ್ತಿನ ಲೆಕ್ಕದಲ್ಲಿ ಸಾವಿರದ ಮುನ್ನೂರು ರೂಪಾಯಿ ಆಸುಪಾಸು. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಭಾರತದ ಬೆಲೆ ಸುಮಾರು 480 ರೂಪಾಯಿ. ನನ್ನ ತಮ್ಮನ ಕಣ್ಣಿಗೆ ಕಾಣುವುದು ಇಷ್ಟೇ. ಅವನು ಸಾವಿರದ ಮುನ್ನೂರು ಕೊಡುತ್ತಾನೆ, ನಾನು ಐನೂರರೊಳಗೆ ಮುಗಿಸುತ್ತೇನೆ.

ಈಗ ದುಡ್ಡು ಬಿಟ್ಟು ದುಡಿಮೆ ನೋಡಿ. ಅಮೆರಿಕದಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಅದು ಏರಿಯೇ ಇಲ್ಲ, ಅದು ಬೇರೆ ಅನ್ಯಾಯ. ಟೆಕ್ಸಾಸಿನಲ್ಲಿ ಈಗಲೂ ಅದೇ ದರ. ಎಷ್ಟೋ ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ ಇದೆ. ಅಂದರೆ ಅಲ್ಲಿ ಅತಿ ಕಡಿಮೆ ಸಂಬಳದವನೂ ಎರಡು ಗಂಟೆ ಸ್ವಲ್ಪ ದುಡಿದರೆ ಆ ಆಟ ಅವನದು. ನಮ್ಮ ಕಡೆ ತೋಟದ ಕೆಲಸಕ್ಕೆ ದಿನಗೂಲಿ 500 ರೂಪಾಯಿ ಆಸುಪಾಸು. ಕೆಲವು ಕಡೆ ಕಡಿಮೆ. ಕೊಯ್ಲಿನಲ್ಲಿ ಕೈ ಚುರುಕಿದ್ದವರಿಗೆ ಸ್ವಲ್ಪ ಜಾಸ್ತಿ. ಅಂದರೆ ಆ "ಪುಕ್ಕಟೆ" 480 ರೂಪಾಯಿಗೆ ನಮ್ಮಲ್ಲಿ ಒಬ್ಬ ಇಡೀ ದಿನ ಬುಟ್ಟಿ ಕಟ್ಟಿಕೊಂಡು ಗಿಡಗಳ ಮಧ್ಯೆ ನಿಲ್ಲಬೇಕು. ಅಲ್ಲಿ ಎರಡು ಗಂಟೆ, ಇಲ್ಲಿ ಬೆಳಿಗ್ಗೆಯಿಂದ ಸಂಜೆ. ಬೆಲೆ ಇಳಿಸಿದ ಮೇಲೂ ಜಾಸ್ತಿ ಕೊಡುತ್ತಿರುವವರು ನಾವು.

ಇದು ಕಮ್ಮಿ ಬೆಲೆಯ ಆಟದ ಕತೆ. ದೊಡ್ಡ ಕಂಪನಿಗಳ ಹೊಸ ಆಟಗಳನ್ನು ನೋಡಿ. ಪ್ಲೇಸ್ಟೇಷನ್ 5 ಎಂಬ ಆಟದ ಯಂತ್ರ ಬಂದಾಗಿನಿಂದ ಅಲ್ಲಿ 70 ಡಾಲರಿನ ಆಟಕ್ಕೆ ಇಲ್ಲಿ ಸಾಮಾನ್ಯವಾಗಿ 4,999 ರೂಪಾಯಿ. ಅಮೆರಿಕದಲ್ಲಿ ಕನಿಷ್ಠ ಕೂಲಿಯವನಿಗೆ ಹತ್ತು ಗಂಟೆಯೂ ಬೇಡ. ಇಲ್ಲಿ ಹತ್ತು ದಿನ. ಊಟ, ಬಸ್ಸು, ಮನೆಗೆ ಕೊಡುವುದು ಯಾವುದನ್ನೂ ಕಳೆಯದೆ ಹತ್ತು ದಿನ. ಆಡುವ ಯಂತ್ರದ ಬೆಲೆ ಇನ್ನೂ ಕೆಟ್ಟದು. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, ಡಿಸ್ಕ್ ಇರುವ ಮಾಡೆಲಿಗೆ 49,990 ರೂಪಾಯಿ. ಅಲ್ಲಿ ಅದು ಆಗ 499.99 ಡಾಲರ್. ಆಗಿನ ಡಾಲರ್ ಲೆಕ್ಕದಲ್ಲಿ ಮೂವತ್ತಾರು ಸಾವಿರದ ಚಿಲ್ಲರೆ, ಮೇಲೆ ಅಲ್ಲಿನ ತೆರಿಗೆ. ಆ ತೆರಿಗೆ ಸೇರಿಸಿದರೂ ಹತ್ತು ಸಾವಿರದಷ್ಟು ಜಾಸ್ತಿ ಕೊಟ್ಟವರು ಯಾರು? ನಾವು. ಆಗ ಯಾರ ಡಿಸ್ಕೌಂಟನ್ನು ಯಾರು ತುಂಬಿಸಿದರು ಹೇಳಿ.

"ಆದರೆ ಅಲ್ಲಿ ಖರ್ಚೂ ಜಾಸ್ತಿ ಅಲ್ವಾ?" ಅಂತ ಮಾವ ಕೇಳಿದರು. ಬಾಡಿಗೆ, ಆಸ್ಪತ್ರೆ, ವಿಮೆ, ಒಂದು ಸಲ ಕ್ಷೌರ ಮಾಡಿಸಿಕೊಂಡರೂ ಮೂವತ್ತು ಡಾಲರ್. ಒಪ್ಪುತ್ತೇನೆ ಮಾವ. ಅದನ್ನೇ ನಾನೂ ಹೇಳುತ್ತಿರುವುದು. ಅಲ್ಲಿನ ಕ್ಷೌರಿಕ ಅಲ್ಲಿನ ಜೀವನಕ್ಕೆ ತಕ್ಕ ದುಡ್ಡು ತೆಗೆದುಕೊಳ್ಳುತ್ತಾನೆ, ಗೋಣಿಕೊಪ್ಪದವನು ಇಲ್ಲಿನ ಜೀವನಕ್ಕೆ ತಕ್ಕ ದುಡ್ಡು ತೆಗೆದುಕೊಳ್ಳುತ್ತಾನೆ. ಯಾರೂ ಇದನ್ನು ಮೋಸ ಅನ್ನುವುದಿಲ್ಲ. ವಿಶ್ವ ಬ್ಯಾಂಕಿನವರು ಇದಕ್ಕೇ ಒಂದು ಲೆಕ್ಕ ಇಟ್ಟಿದ್ದಾರೆ. ಅಮೆರಿಕದಲ್ಲಿ ಒಂದು ಡಾಲರಿಗೆ ಬರುವಷ್ಟು ಸಾಮಾನು, ಸೇವೆ ಭಾರತದಲ್ಲಿ ಸುಮಾರು 20 ರೂಪಾಯಿಗೆ ಬರುತ್ತದೆ ಅಂತ. ಬ್ಯಾಂಕಿನಲ್ಲಿ ಡಾಲರ್ ಬದಲಾಯಿಸಿದರೆ ಮಾತ್ರ ಅದರ ನಾಲ್ಕು ಪಟ್ಟು.

ತೊಂದರೆ ಇರುವುದು ಇಲ್ಲೇ. ನಮಗೆ ಅಗ್ಗವಾಗಿ ಸಿಗುವುದು ನಮ್ಮೂರಿನವರೇ ಮಾಡುವ ಕೆಲಸ. ಸೊಪ್ಪು, ಹಾಲು, ಕೂಲಿ, ಆಟೋ, ದರ್ಜಿ. ಹೊರಗಿನಿಂದ ಬರುವ ಸಾಮಾನಿಗೆ ನಮಗೆ ಯಾರೂ ಬೆಲೆ ಇಳಿಸುವುದಿಲ್ಲ. ಲ್ಯಾಪ್‌ಟಾಪ್ ಅದೇ ಬೆಲೆ, ಇಲ್ಲವೇ ಜಾಸ್ತಿ. ಪೆಟ್ರೋಲ್ ಲೀಟರಿಗೆ ನೂರು ದಾಟಿ ಎಷ್ಟು ಕಾಲವಾಯಿತು, ಟೆಕ್ಸಾಸಿನಲ್ಲಿ ಇದಕ್ಕಿಂತ ಕಡಿಮೆ. ಹಾಗಾಗಿ "ನಿಮ್ಮೂರಲ್ಲಿ ಜೀವನ ಅಗ್ಗ" ಅಂತ ಯಾರಾದರೂ ಹೇಳಿದರೆ, ಅಕ್ಕಿಯ ಮಟ್ಟಿಗೆ ಸರಿ. ಆ ಹುಡುಗನ ಆಸೆಯ ಮಟ್ಟಿಗೆ ಸರಿಯಲ್ಲ.

ಕೊಡಗಿನಲ್ಲಿ ಇದರ ಮೇಲೆ ಇನ್ನೊಂದು ಖರ್ಚಿದೆ. ಸ್ಟೀಮಿನ ಬೇಸಿಗೆ ಸೇಲ್ ಬರುವುದು ಜೂನ್ ಕೊನೆಯಿಂದ ಜುಲೈ ಮೊದಲಿನಲ್ಲಿ. ಅವರಿಗೆ ಬೇಸಿಗೆ, ನಮಗೆ ಮುಂಗಾರು. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ಬೆಲೆ ಬಹಳ ಇಳಿದಿರುವ ವಾರದಲ್ಲೇ ನಮ್ಮ ಕಡೆ ಹಣ ಕಟ್ಟುವುದಕ್ಕೇ ಆಗುವುದಿಲ್ಲ. ಕಟ್ಟಿದರೂ ಡೌನ್‌ಲೋಡ್? ರೆಡ್ ಡೆಡ್ ರಿಡೆಂಪ್ಷನ್ 2 ಎಂಬ ಆಟ ಹಾಕಲು 150 ಜಿಬಿ ಜಾಗ ಬೇಕು. ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅದನ್ನು ಇಳಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ತೋಟದ ಒಳಗಿನ ಎಷ್ಟೋ ಮನೆಗಳಿಗೆ ಫೈಬರ್ ಬಂದಿಲ್ಲ. ಹಾಗಾಗಿ ನಾವು ಮಾಡುವುದೇನು? ಯಾರಾದರೂ ಮೈಸೂರಿನಲ್ಲೋ ಕುಶಾಲನಗರದಲ್ಲೋ ಇಳಿಸಿಕೊಂಡು, ಬ್ಯಾಕಪ್ ಮಾಡಿ, ಹಾರ್ಡ್‌ಡಿಸ್ಕಿನಲ್ಲಿ ಹೊತ್ತು ತರುತ್ತೇವೆ. ಆಮೇಲೆ ಖರೀದಿ ಮಾಡಿದವನು ತನ್ನ ಅಕೌಂಟಿನಲ್ಲಿ ಅದನ್ನು ಹಾಕಿಕೊಳ್ಳುತ್ತಾನೆ. ಪೂರ್ತಿ ದುಡ್ಡು ಕೊಟ್ಟು, ಪೂರ್ತಿ ಕಾನೂನುಬದ್ಧವಾಗಿ ಆಡಲು ಇಷ್ಟು ಪರದಾಟ. ಇನ್ವರ್ಟರ್ ಬೇರೆ. ಅದರ ಬ್ಯಾಟರಿ ಬೇರೆ.

ಬೆಂಗಳೂರು ಬಿಟ್ಟು ಬಂದ ಮೇಲೆ ನನಗೆ ಈ ಆಟಗಳು ಏನಾಗಿವೆ ಅಂತ ಹತ್ತಿರದವರಿಗೆ ಗೊತ್ತು. ಮಳೆಗಾಲದ ರಾತ್ರಿ ಉದ್ದ. ಅಪ್ಪ ತೀರಿಕೊಂಡ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಇವುಗಳ ಪಾಲೂ ಇದೆ. ಅದಕ್ಕೇ ಯಾರಾದರೂ "ಬರೀ ಗೇಮ್ ತಾನೆ, ಬೇಕಾದವರು ತಗೊಳ್ಳಲಿ, ಬೇಡದವರು ಬಿಡಲಿ" ಅಂದರೆ ನನಗೆ ತಡೆಯಲು ಆಗುವುದಿಲ್ಲ. ಪುಸ್ತಕಕ್ಕೆ ಹೀಗೆ ಹೇಳುತ್ತೀರಾ? ಇಂಜಿನಿಯರಿಂಗ್ ಓದಿದವರೆಲ್ಲ ನೆನಪು ಮಾಡಿಕೊಳ್ಳಿ. ತೆಳ್ಳಗಿನ ಕಾಗದದ, ಈ ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಅಂತ ಅಟ್ಟೆ ಮೇಲೆ ಅಚ್ಚು ಹಾಕಿದ ಪುಸ್ತಕಗಳಲ್ಲಿ ತಾನೆ ನಾವೆಲ್ಲ ಓದಿದ್ದು? ಅಮೆರಿಕದ ಬೆಲೆಗೆ ಕೊಡುತ್ತೇವೆ ಅಂದಿದ್ದರೆ ನಮ್ಮಲ್ಲಿ ಎಷ್ಟು ಜನ ಆ ಪುಸ್ತಕ ಮುಟ್ಟುತ್ತಿದ್ದೆವು? ಆ ನನ್ನ ತಮ್ಮ ಓದಿದ್ದೂ ಅದೇ ಪುಸ್ತಕದಲ್ಲಿ. ಆಗ ಅವನಿಗೆ ಒಂದೇ ರೇಟಿನ ನ್ಯಾಯ ನೆನಪಾಗಲಿಲ್ಲ.

ಯೂಟ್ಯೂಬ್ ಪ್ರೀಮಿಯಂ ಅಲ್ಲಿ ತಿಂಗಳಿಗೆ 13.99 ಡಾಲರ್ ಇದ್ದಾಗ ಇಲ್ಲಿ 149 ರೂಪಾಯಿ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ತನ್ನ ಬೇಸಿಕ್ ಪ್ಲಾನನ್ನು 499ರಿಂದ 199ಕ್ಕೆ ಇಳಿಸಿತು. ಅವರು ದಾನಕ್ಕೆ ಕೂತವರಲ್ಲ. ಇಲ್ಲಿ ಯಾವ ಬೆಲೆಗೆ ಜನ ಕೊಳ್ಳುತ್ತಾರೆ ಅಂತ ನೋಡಿ ಇಳಿಸಿದರು.

ಈಗ ಕಾಫಿಗೆ ಬರುತ್ತೇನೆ. ಯಾಕೆಂದರೆ ತಮ್ಮ ಕೊನೆಗೆ ಎತ್ತಿದ ಮಾತು ಅದೇ. "ನಿಮ್ಮ ರೋಬಸ್ಟಾಕ್ಕೆ ಲಂಡನ್ ರೇಟ್ ಕೇಳ್ತೀರಲ್ಲ ಅಣ್ಣ, ಆಗ ಕೊಡಗಿನ ರೇಟ್ ಸಾಕು ಅಂತೀರಾ? ಮಾರುವಾಗ ಪ್ರಪಂಚದ ಬೆಲೆ, ಕೊಳ್ಳುವಾಗ ಊರಿನ ಬೆಲೆ, ಇದು ಯಾವ ಸೀಮೆ ನ್ಯಾಯ?"

ಮಾತು ಚೂಪಾಗಿದೆ, ಗ್ರೂಪಿನಲ್ಲಿ ಎಲ್ಲರಿಗೂ ಹಿಡಿಸಿತು. ಆದರೆ ತಪ್ಪು.

ಹೌದು, ನಮ್ಮ ಚೆರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಬೆಲೆ ಲಂಡನ್ನಿನ ಕಾಫಿ ಮಾರುಕಟ್ಟೆ ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. 2024ರಲ್ಲಿ ಅಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು, ಇಲ್ಲಿ 50 ಕೆಜಿ ಮೂಟೆ ಚೆರಿ ಹತ್ತು ಸಾವಿರ ದಾಟಿತು. ಬೆಳೆಗಾರರು ಉಸಿರಾಡಿದರು. ಆದರೆ ಈ ಸದರಿ ಲಂಡನ್ನೇ 2001, 2002ರಲ್ಲಿ ಏನು ಮಾಡಿತು ಅಂತ ನಮ್ಮ ಅಪ್ಪ ಅಮ್ಮಂದಿರನ್ನು ಕೇಳಿ. ಕುಯ್ಯುವ ಕೂಲಿಯೂ ಹುಟ್ಟದ ಬೆಲೆ. ಕಾಫಿ ಬೋರ್ಡ್ ಎಲ್ಲರ ಕಾಫಿಯನ್ನೂ ಪೂಲಿಗೆ, ಅಂದರೆ ಒಂದೇ ರಾಶಿಗೆ, ತೆಗೆದುಕೊಂಡು ಮಾರುತ್ತಿದ್ದ ಕಾಲ 1996ಕ್ಕೆ ಪೂರ್ತಿ ಮುಗಿದಿತ್ತು, ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಪ್ರಪಂಚದ ಬೆಲೆ ಎಂಬುದು ನಾವು ಕೇಳಿ ಪಡೆದ ವರ ಅಲ್ಲ.

ಎರಡನೆಯದು. ಒಂದು ಕೆಜಿ ಕಾಫಿ ನಾನು ನಿನಗೆ ಕೊಟ್ಟರೆ ಆ ಒಂದು ಕೆಜಿ ನನ್ನ ಕಣದಲ್ಲಿ ಇರುವುದಿಲ್ಲ. ಇನ್ನೊಂದು ಕೆಜಿ ಬೇಕಾದರೆ ಮತ್ತೆ ಹೂ ಅರಳಿಸುವ ಮಳೆ ಬರಬೇಕು, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಆಗಬೇಕು, ಗೊಬ್ಬರ ಹಾಕಬೇಕು, ಆಳು ಸಿಗಬೇಕು. ಗೇಮ್ ಹಾಗಲ್ಲ. ಮಾಡುವವರೆಗೆ ಕೋಟಿಗಟ್ಟಲೆ ಖರ್ಚು, ನಿಜ. ಮಾಡಿದ ಮೇಲೆ ಇನ್ನೊಂದು ಕಾಪಿಗೆ ಹೆಚ್ಚುಕಮ್ಮಿ ಏನೂ ಖರ್ಚಿಲ್ಲ. ಪಕ್ಕದ ಮನೆಯ ಹುಡುಗ 480 ಕೊಟ್ಟರೆ, ತೆರಿಗೆ ಮತ್ತು ಸ್ಟೋರಿನವರ ಪಾಲು ಕಳೆದು ಉಳಿದದ್ದು ಆಟ ಮಾಡಿದವರ ಕೈಗೆ. ಸ್ಟೀಮ್ ಸಾಮಾನ್ಯವಾಗಿ 30 ಪರ್ಸೆಂಟ್ ಹಿಡಿದುಕೊಳ್ಳುತ್ತದೆ. ಅವನು ಎರಡು ಸಾವಿರ ನೋಡಿ ವಾಪಸ್ ಹೋದರೆ ಅವರಿಗೆ ಸಿಗುವುದು ಸೊನ್ನೆ. ಹಾಗಾದರೆ ಟೆಕ್ಸಾಸಿನವನು ನಮಗಾಗಿ ತುಂಬಿಸಿದ್ದು ಯಾವ ನಷ್ಟವನ್ನು? ಅಲ್ಲಿ ನಷ್ಟವೇ ಇರಲಿಲ್ಲ. ನಮ್ಮ ದುಡ್ಡು ಅವರಿಗೆ ಮೇಲಿನಿಂದ ಸಿಕ್ಕಿದ್ದು.

ಮೂರನೆಯದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮಡಿಕೇರಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಇಪ್ಪತ್ತು ರೂಪಾಯಿ ಆಸುಪಾಸು. ಟೆಕ್ಸಾಸಿನಲ್ಲಿ ಅದೇ ಅಳತೆಯ ಕಾಫಿಗೆ ನಾಲ್ಕೈದು ಡಾಲರ್. ಬೀಜ ಒಂದೇ ಮಾರುಕಟ್ಟೆಯದು. ಲೋಟಕ್ಕೆ ಬಂದಾಗ ಅದರ ಬೆಲೆ ಆಯಾ ಊರಿನ ಬಾಡಿಗೆ, ಸಂಬಳ, ಜನರ ಕೈಯಲ್ಲಿರುವ ದುಡ್ಡು ನೋಡಿಕೊಂಡು ನಿಲ್ಲುತ್ತದೆ. ನನ್ನ ತಮ್ಮ ಊರಿಗೆ ಬಂದಾಗ ಆ ಲೋಟಕ್ಕೆ ನಾಲ್ಕು ನೂರು ರೂಪಾಯಿ ಕೊಟ್ಟಿದ್ದನ್ನು ನಾನು ನೋಡಿಲ್ಲ. ಕೊಡಲೂಬಾರದು. ಮಡಿಕೇರಿಯಲ್ಲಿ ಮಡಿಕೇರಿಯ ಬೆಲೆ. ಹಾಗಾದರೆ ಮಡಿಕೇರಿಯಲ್ಲಿ ಕೂತು ಆಡುವ ಆಟಕ್ಕೆ ಡಲ್ಲಾಸಿನ ಬೆಲೆ ಯಾಕೆ?

ಇನ್ನೊಂದು ವಾದವನ್ನೂ ಕೇಳಿದ್ದೇನೆ. ಬೆಲೆ ಕಮ್ಮಿ ಇರುವ ದೇಶದವರಂತೆ ನಟಿಸಿ, ವಿಪಿಎನ್ (ನಾವಿರುವ ದೇಶ ಮರೆಮಾಚುವ ತಂತ್ರ) ಹಾಕಿಕೊಂಡು ಶ್ರೀಮಂತ ದೇಶದವರೂ ಕೊಳ್ಳುತ್ತಾರೆ, ಹಾಗಾಗಿ ಕಂಪನಿಗಳಿಗೆ ಬೇರೆ ದಾರಿ ಇಲ್ಲ ಅಂತ. ಕೊಳ್ಳುತ್ತಿದ್ದರು, ನಿಜ. ಅರ್ಜೆಂಟೀನಾ ಮತ್ತು ಟರ್ಕಿ ಸ್ಟೋರುಗಳಿಗೆ ಹೋಗಿ ಕೊಳ್ಳುವವರು ಬಹಳ ಇದ್ದರು. ಅದಕ್ಕೇ ಸ್ಟೀಮ್ 2021ರಲ್ಲಿ ದೇಶ ಬದಲಾಯಿಸುವುದನ್ನು ಮೂರು ತಿಂಗಳಿಗೆ ಒಂದು ಸಲಕ್ಕೆ ಕಟ್ಟಿಹಾಕಿತು. ಆ ದೇಶದ ಕಾರ್ಡ್ ಇಲ್ಲದೆ ಬದಲಾಯಿಸಲೂ ಆಗದು. ಕಳ್ಳರಿಗೆ ಬಾಗಿಲು ಹಾಕುವ ದಾರಿ ಇದೆ ಅಂತ ಆಯಿತಲ್ಲ? ಆಮೇಲೆ 2023ರ ನವೆಂಬರ್ 20ರಿಂದ ಅರ್ಜೆಂಟೀನಾ, ಟರ್ಕಿ ಎರಡಕ್ಕೂ ಅವರವರ ದುಡ್ಡಿನ ಬೆಲೆಯನ್ನೇ ತೆಗೆದು ಡಾಲರ್ ಮಾಡಿದರು. ಪೆಸೊ, ಲಿರಾ ದಿನಾ ಬೀಳುತ್ತಿವೆ, ಬೆಲೆ ಇಡಲು ಆಗುತ್ತಿಲ್ಲ ಅಂತ ಕಾರಣ ಕೊಟ್ಟರು. ಕಾರಣ ಸುಳ್ಳಲ್ಲ. ಆದರೆ ದುಡ್ಡು ಬಿದ್ದಾಗ ಆ ಊರಿನವನ ಸಂಬಳವೂ ಬಿದ್ದಿರುತ್ತದೆ. ಅವನ ಕೈ ಖಾಲಿಯಾದ ಹೊತ್ತಿನಲ್ಲೇ ಅವನ ಬೆಲೆ ಏರಿತು. ಅರ್ಜೆಂಟೀನಾದ ಬ್ಯೂನಸ್ ಐರಿಸಿನ ಆ ಹುಡುಗ ಯಾರೋ ನನಗೆ ಗೊತ್ತಿಲ್ಲ, ಆದರೆ ಅವನ ಮುಖ ಹೇಗಾಗಿರಬೇಕು ಅಂತ ಗೊತ್ತು.

ನಾಳೆ ನಮಗೂ ಹೀಗೇ ಆಗಬಹುದು ಎಂಬುದು ನನ್ನ ಭಯ. ಸ್ಟೀಮಿನಲ್ಲಿ ರೂಪಾಯಿ ಬಂದದ್ದೇ 2015ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಡಾಲರಿನಲ್ಲಿ ಕೊಡಬೇಕಿತ್ತು, ನಮ್ಮಲ್ಲಿ ಬಹಳ ಜನರ ಡೆಬಿಟ್ ಕಾರ್ಡುಗಳು ನಡೆಯುತ್ತಿರಲಿಲ್ಲ. ಆಗ ಕೊಡಗಿನಲ್ಲಿ ಗೇಮ್ ಆಡಿದವರೆಲ್ಲ ಎಲ್ಲಿಂದ ತಂದು ಆಡಿದರು ಅಂತ ನಮಗೆಲ್ಲ ಗೊತ್ತು. ನೂರು ರೂಪಾಯಿಯ ಕಾಪಿ ಸೀಡಿ. ಅದನ್ನು ಮಾಡಿದವರಿಗೆ ಒಂದು ಪೈಸೆ ಹೋಗಲಿಲ್ಲ. ಸ್ಟೀಮ್ ಕಟ್ಟಿದ ಗೇಬ್ ನ್ಯೂಯೆಲ್ 2011ರಲ್ಲೇ ಹೇಳಿದ್ದರು, ಕಳ್ಳ ಕಾಪಿಗೆ ಕಾರಣ ಬೆಲೆಗಿಂತ ಹೆಚ್ಚಾಗಿ ಸೇವೆಯ ಕೊರತೆ ಅಂತ. ನಮ್ಮ ಅನುಭವದಲ್ಲಿ ಎರಡೂ ಸೇರಿಯೇ ಕೆಲಸ ಮಾಡಿತು. ರೂಪಾಯಿ ಬಂತು, ಕೈಗೆಟುಕುವ ಬೆಲೆ ಬಂತು, ಆಮೇಲೆ ಯುಪಿಐ ಬಂತು. ನನ್ನ ಪರಿಚಯದ ಹುಡುಗರು ಒಬ್ಬೊಬ್ಬರಾಗಿ ಕೊಂಡು ಆಡಲು ಶುರು ಮಾಡಿದರು. ಇದು ಸಣ್ಣ ವಿಷಯ ಅಲ್ಲ. ಆಮೇಲೆ 2022ರ ಅಕ್ಟೋಬರಿನಲ್ಲಿ ಯಾವ ದೇಶಕ್ಕೆ ಎಷ್ಟು ಬೆಲೆ ಇಡಬಹುದು ಎಂಬ ತನ್ನ ಸಲಹೆಯ ಪಟ್ಟಿಯನ್ನು ಸ್ಟೀಮ್ ಬದಲಾಯಿಸಿ ನಮ್ಮ ಅಂಕಿಯನ್ನು ಏರಿಸಿತು. ಅದು ಸಲಹೆ ಮಾತ್ರ. ಕೊನೆಯ ಬೆಲೆ ಇಡುವವರು ಆಟ ಪ್ರಕಟಿಸುವವರು. ಕೆಲವರು ಯೋಚನೆ ಮಾಡಿ ಇಡುತ್ತಾರೆ. ಕೆಲವರು ಡಾಲರನ್ನು ಗುಣಿಸಿ ಬಿಟ್ಟುಬಿಡುತ್ತಾರೆ. ಆ ಬಿಟ್ಟುಬಿಡುವವರ ಮೇಲೆ ನನ್ನ ಸಿಟ್ಟು.

"ಹಾಗಾದರೆ ವೈಟ್‌ಫೀಲ್ಡಿನ ಐಟಿ ಸಂಬಳದವನಿಗೂ ನಿಮ್ಮ ತೋಟದ ಲೈನ್ ಮನೆಯ ಕೂಲಿಯವನಿಗೂ ಬೇರೆ ಬೇರೆ ಬೆಲೆ ಇಡಬೇಕಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಇಲ್ಲ. ಅಷ್ಟು ನಾನು ಕೇಳುತ್ತಿಲ್ಲ. ನಮ್ಮ ತೋಟಕ್ಕೆ ಅಸ್ಸಾಮಿನಿಂದ ಬಂದ ಹುಡುಗರು ಸಂಜೆ ಲೈನ್ ಮನೆ ಮುಂದೆ ಕೂತು ಮೊಬೈಲಿನಲ್ಲಿ ಪುಕ್ಕಟೆ ಆಟ ಆಡುತ್ತಾರೆ. ಅವರಿಗೆ 480 ಕೂಡ ದೂರ, ಅದು ನನಗೆ ಗೊತ್ತಿದೆ. ಎಲ್ಲರನ್ನೂ ಮುಟ್ಟುವ ಬೆಲೆ ಯಾರಿಂದಲೂ ಆಗದು. ಅಂತ ಹೇಳಿ ಈಗ ಕೈಗೆ ಎಟುಕುವವರಿಂದಲೂ ಕಿತ್ತುಕೊಳ್ಳಬೇಕಾ?

ತಮ್ಮನಿಗೆ ಇದನ್ನೆಲ್ಲ ಬಿಡಿಸಿ ಬರೆದಿದ್ದೇನೆ. ಓದಿದ್ದಾನೆ, ಉತ್ತರ ಬಂದಿಲ್ಲ.

ಬೆಂಗಳೂರಿನಲ್ಲಿ ಗೇಮ್ ಮಾಡುವ ಗೆಳೆಯರು ಈ ಗೋಡೆಯ ಮೇಲೆ ಇದ್ದೀರಿ. ನಿಮಗೆ ಒಂದು ಮಾತು. ನಿಮ್ಮ ಆಟವನ್ನು ಸ್ಟೋರಿಗೆ ಹಾಕುವಾಗ ಭಾರತದ ಬೆಲೆಯನ್ನು ನೀವು ಕಾಳಜಿಯಿಂದಲೇ ಇಡುತ್ತೀರಿ, ನಿಮಗೆ ನಮ್ಮ ಕಷ್ಟ ಗೊತ್ತು. ಆ ಪಟ್ಟಿಯಲ್ಲಿ ಇನ್ನೊಂದು ಸಾಲೂ ಇರುತ್ತದೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ ಎಲ್ಲ ಸೇರಿದ ದಕ್ಷಿಣ ಏಷ್ಯಾದ ಡಾಲರ್ ಬೆಲೆ. ಅವರಿಗೆ ಸ್ಟೀಮಿನಲ್ಲಿ ಅವರ ದುಡ್ಡೇ ಇಲ್ಲ. ಅಲ್ಲಿ ತಾನಾಗಿ ತುಂಬಿದ ಅಂಕಿಗೆ ಸುಮ್ನೆ ಓಕೆ ಒತ್ತಬೇಡಿ. ಶ್ರೀಲಂಕಾದ ಕ್ಯಾಂಡಿಯಲ್ಲೂ ತೋಟದ ಕೂಲಿಯವರ ಮಕ್ಕಳು ಡಿಗ್ರಿ ಓದುತ್ತಿದ್ದಾರೆ. ಅಲ್ಲಿನ ದಿನಗೂಲಿ ಎಷ್ಟು ಅಂತ ಒಂದು ಸಲ ಕೇಳಿ ತಿಳಿದುಕೊಂಡು ಆಮೇಲೆ ಬೆಲೆ ಬರೆಯಿರಿ.